ಚಂದ್ರನ ಪೈಪೋಟಿ ಮತ್ತು ಸೋವಿಯತ್ ಒಳವಿರಸ: ಎನ್-1 ರಾಕೆಟ್ಟಿನ ಇತಿಹಾಸ

1957ರಿಂದ 1969ರವರೆಗಿನ ಬಾಹ್ಯಾಕಾಶ ಪೈಪೋಟಿಯನ್ನು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳೆಂಬ ಎರಡು ಪಾಳೆಯಗಳ ಓಟವೆಂದು ವರ್ಣಿಸುವುದು ರೂಢಿಯಾಗಿದ್ದು, ಒಂದೊಂದು ಪಾಳೆಯಕ್ಕೂ ಒಂದೇ ಮನಸ್ಸು, ಒಂದೇ ಯೋಜನೆ ಇತ್ತೆಂಬ ಊಹೆ ಆ ವರ್ಣನೆಯಲ್ಲಿ ಅಡಗಿದೆ. 1980ರ ದಶಕದ ಕೊನೆಯಲ್ಲಿ ಸೋವಿಯತ್ ದಾಖಲೆಗಳು ಬೆಳಕು ಕಾಣತೊಡಗಿ, ಎಂಜಿನಿಯರ್ ಬೊರಿಸ್ ಚೆರ್ಟೋಕ್ ಅವರ ಸುದೀರ್ಘ ನೆನಪುಗಳೂ ಇತಿಹಾಸಕಾರ ಆಸಿಫ್ ಸಿದ್ದಿಕಿ ಅವರ ಅಧ್ಯಯನವೂ ಪ್ರಕಟವಾದ ಮೇಲೆ ಈ ಊಹೆಯನ್ನು ಒಪ್ಪುವುದು ಕಷ್ಟ. ಚಂದ್ರನತ್ತ ಸಾಗುವ ಹಾದಿಯಲ್ಲಿ ಸೋವಿಯತ್ ಒಕ್ಕೂಟ ಹಿಂದೆ ಬಿದ್ದುದಕ್ಕೆ ಅಮೆರಿಕದ ಸಂಪತ್ತು ಎಷ್ಟು ಕಾರಣವೋ, ಸೋವಿಯತ್ ವಿನ್ಯಾಸ ಕೇಂದ್ರಗಳ ಪರಸ್ಪರ ವಿರಸವೂ ಅಷ್ಟೇ ಕಾರಣವೆಂಬುದು ಈ ಲೇಖನದ ವಾದ.

ಪೈಪೋಟಿಯ ಬೇರು ಶಸ್ತ್ರಾಸ್ತ್ರಗಳಲ್ಲಿತ್ತು. ಅಮೆರಿಕದ ಸಮೀಪ ವಿಮಾನನೆಲೆಗಳಿಲ್ಲದ ಸೋವಿಯತ್ ಒಕ್ಕೂಟಕ್ಕೆ ಖಂಡಾಂತರ ಕ್ಷಿಪಣಿ, ಅಂದರೆ ಒಂದು ಖಂಡದಿಂದ ಮತ್ತೊಂದಕ್ಕೆ ಅಣ್ವಸ್ತ್ರ ಒಯ್ಯಬಲ್ಲ ರಾಕೆಟ್, ಬೇಕಾಗಿತ್ತು; ಅಲ್ಲಿನ ಜಲಜನಕ ಬಾಂಬಿನ ತೂಕ ಹೆಚ್ಚಾಗಿದ್ದುದರಿಂದ ಸೆರ್ಗೆಯ್ ಕೊರೊಲ್ಯೊವ್ ಅವರ ಕೇಂದ್ರ ರೂಪಿಸಿದ ಆರ್-7 ಕ್ಷಿಪಣಿಯೂ ಅದಕ್ಕೆ ತಕ್ಕಷ್ಟು ಬಲಶಾಲಿಯಾಯಿತು. 1957ರ ಅಕ್ಟೋಬರ್ 4ರಂದು 83.6 ಕಿಲೋಗ್ರಾಂ ತೂಕದ ಸ್ಪುಟ್ನಿಕ್ ಉಪಗ್ರಹವನ್ನು ಕಕ್ಷೆಗೇರಿಸಿದ್ದೂ, 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ಅವರನ್ನು ಭೂಮಿಯ ಸುತ್ತ ಒಯ್ದದ್ದೂ ಈ ಕ್ಷಿಪಣಿಯ ರೂಪಾಂತರಗಳೇ.

ಆರಂಭದಲ್ಲಿ ಒಳಜಗಳದ ಬೆಲೆ ತೆತ್ತದ್ದು ಅಮೆರಿಕ. ಅಲ್ಲಿನ ಭೂಸೇನೆ, ನೌಕಾಪಡೆ, ವಾಯುಪಡೆಗಳು ಬೇರೆಬೇರೆ ಉಪಗ್ರಹ ಯೋಜನೆಗಳನ್ನು ಮುಂದಿಟ್ಟಾಗ 1955ರಲ್ಲಿ ಆಯ್ಕೆಯಾದದ್ದು ನೌಕಾಪಡೆಯ ವ್ಯಾನ್‌ಗಾರ್ಡ್. ಅದು 1957ರ ಡಿಸೆಂಬರ್ 6ರಂದು ಉಡಾವಣಾ ವೇದಿಕೆಯ ಮೇಲೆಯೇ ಸ್ಫೋಟಿಸಿತು. ಭೂಸೇನೆಯ ಆಶ್ರಯದಲ್ಲಿದ್ದ ವೆರ್ನರ್ ಫಾನ್ ಬ್ರಾನ್ ಅವರ ತಂಡ ಬಹುಮಟ್ಟಿಗೆ ಅದೇ ಕೆಲಸ ಮಾಡಬಲ್ಲ ರಾಕೆಟ್ಟನ್ನು 1956ರ ಸೆಪ್ಟೆಂಬರಿನಲ್ಲಿಯೇ ಹಾರಿಸಿತ್ತಾದರೂ, ಎಕ್ಸ್‌ಪ್ಲೋರರ್-1 ಉಪಗ್ರಹವನ್ನು ಮೇಲೇರಿಸಲು ಅದು 1958ರ ಜನವರಿ 31ರವರೆಗೆ ಕಾಯಬೇಕಾಯಿತು. ಅಮೆರಿಕ ಈ ಪೆಟ್ಟಿನಿಂದ ಬೇಗನೆ ಪಾಠ ಕಲಿತು, ಅದೇ ವರ್ಷದ ಅಕ್ಟೋಬರ್ 1ರಂದು ಸೇನೆಯ ಹಿಡಿತದಿಂದ ಹೊರಗಿದ್ದ ನಾಸಾ ಸಂಸ್ಥೆಯನ್ನು ಕಾರ್ಯಾರಂಭಗೊಳಿಸಿತು. 1960ರಲ್ಲಿ ಬ್ರಾನ್ ತಂಡವೂ ಅದರೊಳಗೆ ಸೇರಿತು. 1961ರ ಮೇ 25ರಂದು ಅಧ್ಯಕ್ಷ ಕೆನಡಿ ಆ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಗುರಿಯನ್ನು ಸಂಸತ್ತಿನ ಮುಂದಿಟ್ಟಾಗ ಆ ಹೊಣೆ ಹೊರಲು ಒಂದು ಸಂಸ್ಥೆ ಸಿದ್ಧವಾಗಿತ್ತು.

ಸೋವಿಯತ್ ಒಕ್ಕೂಟದಲ್ಲಿ ಇಂಥ ಸಂಸ್ಥೆ ಹುಟ್ಟಲಿಲ್ಲ. ಯೋಜಿತ ಅರ್ಥವ್ಯವಸ್ಥೆಯೆಂದು ಹೆಸರಾದ ದೇಶದಲ್ಲಿ ರಾಕೆಟ್ ಕೆಲಸ ಪ್ರಬಲ ಮುಖ್ಯ ವಿನ್ಯಾಸಕಾರರ ಕೈಯಲ್ಲಿ ಹಂಚಿಹೋಗಿ, ಅವರವರು ಪಕ್ಷದ ನಾಯಕರ ಬೆಂಬಲವನ್ನು ಅವರವರೇ ಹುಡುಕಿಕೊಳ್ಳಬೇಕಾಗಿದ್ದುದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ಇವರಲ್ಲಿ ಕೊರೊಲ್ಯೊವ್ ಮತ್ತು ಎಂಜಿನ್ ವಿನ್ಯಾಸಕಾರ ವ್ಯಾಲೆಂಟಿನ್ ಗ್ಲುಷ್ಕೊ ಅವರ ನಡುವಿನ ಭಿನ್ನಾಭಿಪ್ರಾಯ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿತು. ಸ್ಟಾಲಿನ್ ಕಾಲದ ಬಂಧನಗಳಲ್ಲಿ, 1938ರಲ್ಲಿ, ಇಬ್ಬರೂ ಸೆರೆಯಾಗಿದ್ದರು. ಕೊರೊಲ್ಯೊವ್ ಕೊಲಿಮಾದ ಗಣಿಯಲ್ಲಿ ಸಾವಿನಂಚಿಗೆ ಹೋಗಿ ಬಂದಿದ್ದರು. ಆರ್-7ರಲ್ಲಿ ಜೊತೆಯಾಗಿ ದುಡಿದಿದ್ದ ಅವರು ಚಂದ್ರಯಾನಕ್ಕಾಗಿ ಯೋಜಿಸಿದ ಎನ್-1 ರಾಕೆಟ್ಟಿಗೆ ಯಾವ ಇಂಧನವೆಂಬ ಪ್ರಶ್ನೆಯ ಮೇಲೆ ಬೇರೆಯಾದರು.

ಈ ವಿವಾದವನ್ನು ಬರಿಯ ಅಹಂಕಾರದ ಘರ್ಷಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ದ್ರವ ಆಮ್ಲಜನಕ ಮತ್ತು ಸೀಮೆಎಣ್ಣೆಯನ್ನು ದೊಡ್ಡ ದಹನಕೋಷ್ಠದಲ್ಲಿ, ಎಂದರೆ ಇಂಧನ ಉರಿಯುವ ಲೋಹದ ಕೋಣೆಯಲ್ಲಿ, ಉರಿಸಿದಾಗ ಒಳಗಿನ ಒತ್ತಡ ಅತಿವೇಗವಾಗಿ ಏರಿಳಿದು ಎಂಜಿನ್ನನ್ನೇ ಸೀಳಿಬಿಡುವ ಅಪಾಯವಿತ್ತು. ಆರ್-7ರ ಪ್ರತಿ ಮುಖ್ಯ ಎಂಜಿನ್ನಿಗೂ ನಾಲ್ಕು ಸಣ್ಣ ಕೋಷ್ಠಗಳನ್ನು ಇಟ್ಟದ್ದು ಈ ತೊಡಕನ್ನು ತಪ್ಪಿಸಲಿಕ್ಕೆ. ಆದ್ದರಿಂದ ಗ್ಲುಷ್ಕೊ, ಪರಸ್ಪರ ಸೇರಿದೊಡನೆ ತಾವಾಗಿಯೇ ಹೊತ್ತಿಕೊಳ್ಳುವ, ಸಾಮಾನ್ಯ ಉಷ್ಣತೆಯಲ್ಲಿ ಶೇಖರಿಸಿಡಬಹುದಾದ ರಾಸಾಯನಿಕಗಳೇ ಲೇಸೆಂದರು. ಅವು ಕಡುವಿಷಗಳಾಗಿದ್ದು, ಅದೇ ಬಗೆಯ ಇಂಧನ ತುಂಬಿದ್ದ ಆರ್-16 ಕ್ಷಿಪಣಿ 1960ರ ಅಕ್ಟೋಬರ್ 24ರಂದು ವೇದಿಕೆಯ ಮೇಲೆ ಹೊತ್ತಿಕೊಂಡಾಗ ಮಾರ್ಷಲ್ ನೆದೆಲಿನ್ ಅವರೂ ಸೇರಿ ಹಲವಾರು ಮಂದಿ ಸತ್ತಿದ್ದರು. ಮನುಷ್ಯರನ್ನು ಹೊರುವ ರಾಕೆಟ್ಟಿಗೆ ಅಂಥ ಇಂಧನ ಸಲ್ಲದೆಂಬ ಕೊರೊಲ್ಯೊವ್ ಅವರ ಹಟವೂ ಸಕಾರಣವೇ. ಇಬ್ಬರ ವಾದಕ್ಕೂ ಆಧಾರವಿತ್ತು, ಕಿವಿಗೊಟ್ಟು ಕೇಳಿ ಅಂತಿಮ ತೀರ್ಮಾನ ಕೊಡುವ ಅಧಿಕಾರಸ್ಥಾನ ಮಾತ್ರ ಇರಲಿಲ್ಲ.

ದಹನಕೋಷ್ಠದೊಳಗಿನ ಒತ್ತಡ ಏರಿಳಿಯುವ ಅದೇ ತೊಡಕು ಅಮೆರಿಕದ ಎಫ್-1 ಎಂಜಿನ್ನಿಗೂ ಎದುರಾಯಿತು. ಅಲ್ಲಿನ ತಂತ್ರಜ್ಞರು ಉರಿಯುತ್ತಿರುವ ಎಂಜಿನ್ನಿನೊಳಗೆ ಬೇಕೆಂದೇ ಪುಟ್ಟ ಬಾಂಬುಗಳನ್ನು ಸಿಡಿಸಿ ಕಂಪನವೆಬ್ಬಿಸಿ, ಅದು ತಾನಾಗಿ ಅಡಗುವವರೆಗೂ ಇಂಧನ ಚಿಮ್ಮಿಸುವ ತಟ್ಟೆಯ ಮೇಲಿನ ತಡೆಗೋಡೆಗಳನ್ನು ಮತ್ತೆಮತ್ತೆ ತಿದ್ದಿ, ವರ್ಷಗಳ ಶ್ರಮದಿಂದ ಉತ್ತರ ಕಂಡುಕೊಂಡರು. ಇಂಥ ಐದು ಎಂಜಿನ್ನುಗಳು ಅಮೆರಿಕದ ಚಂದ್ರಯಾನದ ಸ್ಯಾಟರ್ನ್-5 ರಾಕೆಟ್ಟಿನ ಮೊದಲ ಹಂತಕ್ಕೆ ಸಾಕಾದವು.

ಗ್ಲುಷ್ಕೊ ಕೈಬಿಟ್ಟಾಗ ಕೊರೊಲ್ಯೊವ್, ವಿಮಾನದ ಎಂಜಿನ್ನುಗಳಲ್ಲಿ ಪಳಗಿದ್ದ ಕುಯ್ಬಿಶೆವ್ ನಗರದ ನಿಕೊಲಾಯ್ ಕುಜ್ನೆತ್ಸೊವ್ ಅವರ ಮೊರೆಹೋದರು. ಅವರ ಎಂಜಿನ್ನುಗಳು ದಕ್ಷವಾಗಿದ್ದರೂ ಗಾತ್ರದಲ್ಲಿ ಚಿಕ್ಕವಾದ್ದರಿಂದ ಎನ್-1ರ ಮೊದಲ ಹಂತಕ್ಕೆ 30 ಬೇಕಾದವು. ಇತ್ತ ವ್ಲಾದಿಮಿರ್ ಚೆಲೊಮೆಯ್ ಎಂಬ ಮೂರನೆಯ ವಿನ್ಯಾಸಕಾರರು, ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಮಗ ತಮ್ಮ ಕೇಂದ್ರದಲ್ಲೇ ಕೆಲಸದಲ್ಲಿದ್ದ ಕಾಲದಲ್ಲಿ ಬಲ ಗಳಿಸಿಕೊಂಡಿದ್ದರು. ಕೆನಡಿ ಘೋಷಣೆಯಾಗಿ ಮೂರು ವರ್ಷ ಕಳೆದ ಮೇಲೆ, 1964ರ ಆಗಸ್ಟ್ 3ರಂದು, ಹೊರಬಿದ್ದ ಸೋವಿಯತ್ ಆದೇಶ ಚಂದ್ರನ ಮೇಲೆ ಇಳಿಯುವ ಕೆಲಸವನ್ನು ಕೊರೊಲ್ಯೊವ್ ಅವರಿಗೂ ಚಂದ್ರನನ್ನು ಬಳಸಿ ಹಿಂದಿರುಗುವ ಕೆಲಸವನ್ನು ಚೆಲೊಮೆಯ್ ಅವರಿಗೂ ಹಂಚಿದ್ದರಿಂದ, ಮೊದಲೇ ಕಿರಿದಾಗಿದ್ದ ಸಂಪನ್ಮೂಲ ಎರಡು ರಾಕೆಟ್ಟುಗಳ ನಡುವೆ ಒಡೆದುಹೋಯಿತು. ಎರಡು ತಿಂಗಳಲ್ಲಿ ಕ್ರುಶ್ಚೇವ್ ಪದಚ್ಯುತರಾದರು. 1966ರ ಜನವರಿ 14ರಂದು ಕೊರೊಲ್ಯೊವ್ ತೀರಿಕೊಂಡು, ಹೊಣೆ ವಸಿಲಿ ಮಿಶಿನ್ ಅವರ ಹೆಗಲೇರಿತು.

ಎನ್-1ರ ಮೊದಲ ಹಂತದ 30 ಎಂಜಿನ್ನುಗಳನ್ನು ಒಟ್ಟಿಗೆ ಉರಿಸಿ ನೋಡುವ ನೆಲದ ಪರೀಕ್ಷಾ ಸ್ಥಾವರವನ್ನು ಹಣ ಮತ್ತು ಸಮಯದ ಅಭಾವದಿಂದ ಕಟ್ಟಲೇ ಇಲ್ಲ. ಹೀಗಾಗಿ ನೆಲದ ಮೇಲೆ ಪತ್ತೆಯಾಗಬೇಕಾಗಿದ್ದ ದೋಷಗಳು ಆಕಾಶದಲ್ಲಿ ಪತ್ತೆಯಾದವು. 1969ರ ಫೆಬ್ರವರಿ 21ರ ಮೊದಲ ಹಾರಾಟ ವಿಫಲವಾಯಿತು. ಜುಲೈ 3ರ ಎರಡನೆಯ ಪ್ರಯತ್ನದಲ್ಲಿ, ಅಪೊಲೊ-11 ಚಂದ್ರನ ಮೇಲಿಳಿಯಲು ಮೂರು ವಾರವೂ ಉಳಿದಿರದಿದ್ದಾಗ, ರಾಕೆಟ್ ವೇದಿಕೆಯ ಮೇಲೆಯೇ ಕುಸಿದುಬಿದ್ದು ಅದನ್ನು ಧ್ವಂಸಮಾಡಿತು. 1971 ಮತ್ತು 1972ರ ಉಡಾವಣೆಗಳೂ ಫಲಿಸಲಿಲ್ಲ. ನಾಸಾದ ಬಳಿ ಅಪಾರ ಹಣವಿತ್ತು, 1966ರಲ್ಲಿ ಅಮೆರಿಕದ ಕೇಂದ್ರ ಬಜೆಟ್ಟಿನ ಶೇಕಡಾ 4ಕ್ಕೂ ಹೆಚ್ಚು ಪಾಲು ಅದಕ್ಕೆ ಸಂದಿತ್ತು ಎಂಬುದನ್ನು ಮರೆಯಲಾಗದು. ಆದರೆ ಕಡಿಮೆ ಹಣವುಳ್ಳ ದೇಶ ಅದನ್ನು ಹರಿದು ಹಂಚಿದ್ದೇ ದುರಂತವನ್ನು ಇಮ್ಮಡಿಸಿತೆಂಬುದೂ ಅಷ್ಟೇ ನಿಜ.

1974ರ ಮೇ ತಿಂಗಳಲ್ಲಿ ಮಿಶಿನ್ ಅವರನ್ನು ತೆಗೆದು, ಕೊರೊಲ್ಯೊವ್ ಕಟ್ಟಿದ ಕೇಂದ್ರದ ಮುಖ್ಯಸ್ಥಾನವನ್ನು ಗ್ಲುಷ್ಕೊ ಅವರಿಗೇ ಒಪ್ಪಿಸಲಾಯಿತು, ಅವರು ಎನ್-1ರ ಕೆಲಸವನ್ನು ನಿಲ್ಲಿಸಿದರು. ಬಳಿಕ ಅವರ ಮುಂದಾಳತ್ವದಲ್ಲಿ ಬೆಳೆದ ಎನರ್ಜಿಯಾ ಎಂಬ ದೈತ್ಯ ರಾಕೆಟ್ 1987ರ ಮೇ 15ರಂದು ಮೊದಲ ಬಾರಿಗೆ ಮೇಲೇರಿದಾಗ, ಅದರ ಪಕ್ಕದ ನಾಲ್ಕು ರಾಕೆಟ್ಟುಗಳಲ್ಲಿದ್ದದ್ದು ನಾಲ್ಕು ಕೋಷ್ಠಗಳ ಆರ್‌ಡಿ-170 ಎಂಜಿನ್. ಅದು ಉರಿಸುತ್ತಿದ್ದುದು ದ್ರವ ಆಮ್ಲಜನಕ ಮತ್ತು ಸೀಮೆಎಣ್ಣೆಯನ್ನು.