ಓದು ಮುಗಿದ ಮೇಲಿನ ಕಾಲ: ಕೊಣನೂರು ಸೀಮೆಯಲ್ಲಿ ದುಡಿಮೆಯ ದಾರಿ ಹುಡುಕಿದವರ ಚರಿತ್ರೆ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ಮಗ್ಗುಲಿಗಿರುವ ಕೊಣನೂರು, ಅದರ ನೆರೆಹೊರೆಯ ರಾಮನಾಥಪುರ, ಬಸವಾಪಟ್ಟಣ, ಕಟ್ಟೇಪುರ, ರುದ್ರಪಟ್ಟಣಗಳ ಚರಿತ್ರೆಯನ್ನು ಬರೆಯುವವರು ದೇವಾಲಯ, ಶಾಸನ, ಕಟ್ಟೆ-ಕಾಲುವೆಗಳ ಬಗ್ಗೆ ಸಾಕಷ್ಟು ಹೇಳುತ್ತಾರೆ. ಆದರೆ ಈ ಊರುಗಳಲ್ಲಿ ಹುಟ್ಟಿ ಹದಿನೆಂಟು, ಇಪ್ಪತ್ತು ದಾಟಿದವರು ಯಾವ ಕಸುಬಿಗೆ ಹೋಗಬೇಕೆಂಬುದನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಿದ್ದರು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಓದು ಮುಗಿಸಿ ಕೆಲಸ ಸಿಗದೆ, ಸಿಕ್ಕ ಕೆಲಸದಲ್ಲಿ ಮನಸ್ಸೂ ನಿಲ್ಲದೆ, ಮುಂದೇನು ಎಂಬ ಪ್ರಶ್ನೆಯೊಂದಿಗೆ ವರ್ಷಗಟ್ಟಲೆ ಮನೆಯಲ್ಲಿ ಉಳಿಯುವ ಸ್ಥಿತಿಯನ್ನು ಇಂದು ವ್ಯಕ್ತಿಯ ಸ್ವಭಾವದೋಷವೆಂದು ಎಣಿಸುವುದು ರೂಢಿಯಾಗಿದೆ. ಆದರೆ ಈ ಸೀಮೆಯ ನೂರಿಪ್ಪತ್ತು ವರ್ಷಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಸ್ಥಿತಿಗೂ ಒಂದು ಚರಿತ್ರೆಯಿದೆ ಎಂಬುದು ಗೊತ್ತಾಗುತ್ತದೆ.

ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯಲ್ಲಿ ಕಸುಬು ಹುಡುಕುವ ಕೆಲಸವೇ ಇರಲಿಲ್ಲ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರನ್ನು ಆಯಗಾರರೆಂದು ಕರೆಯುತ್ತಿದ್ದರು. ಊರಿಗೆ ಸಲ್ಲಿಸುವ ಸೇವೆಗೆ ಪ್ರತಿಯಾಗಿ ಸುಗ್ಗಿಯ ಕಣದಲ್ಲಿ ರೈತನಿಂದ ದೊರೆಯುವ ಧಾನ್ಯದ ಪಾಲೇ ಆಯ. ಶಾನುಭೋಗನೆಂದರೆ ಊರಿನ ಲೆಕ್ಕಪತ್ರ ಇಡುವವನು, ನೀರಗಂಟಿಯೆಂದರೆ ಕೆರೆ-ಕಾಲುವೆಯ ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುವವನು. ಕಟ್ಟೇಪುರದ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕೃಷ್ಣರಾಜ ಕಟ್ಟೆಯಿಂದ ನೀರುಣ್ಣುವ ಇಂಥ ಪ್ರದೇಶದಲ್ಲಿ ನೀರು ಹಂಚುವ ಕೆಲಸದ ಮಹತ್ವ ಎಷ್ಟೆಂದು ವಿವರಿಸಬೇಕಾಗಿಲ್ಲ. ಇವರಲ್ಲಿ ಯಾರ ಮಗನಿಗೂ ಮುಂದೇನು ಎಂಬ ಪ್ರಶ್ನೆ ಎದುರಾಗುತ್ತಿರಲಿಲ್ಲ, ಏಕೆಂದರೆ ಉತ್ತರ ಅವನು ಹುಟ್ಟುವ ಮೊದಲೇ ಸಿದ್ಧವಾಗಿತ್ತು. ಈ ನಿಶ್ಚಿಂತೆಯನ್ನು ಇಂದು ಹಾಡಿ ಹೊಗಳುವವರಿದ್ದಾರೆ. ಅವರು ಊರಿನ ಕೆಳಚಾಕರಿ ಮಾಡುವ ತೋಟಿಯ ಮಗನ ಜಾಗದಲ್ಲಿ ನಿಂತು ಯೋಚಿಸಿದವರಲ್ಲ. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ಕೊನೆಗೊಂಡವು. ಪಟೇಲಿಕೆ, ಶಾನುಭೋಗಿಕೆಗಳು ಹೋಗಿ ಸಂಬಳದ ಗ್ರಾಮಲೆಕ್ಕಿಗ ಬಂದಾಗ, ಒಂದು ಮನೆಯ ಹಕ್ಕಾಗಿದ್ದ ಕೆಲಸ ಅರ್ಜಿ ಹಾಕಿ ಪಡೆಯಬೇಕಾದ ಹುದ್ದೆಯಾಯಿತು.

ಹಾಗೆಂದು ಅರ್ಜಿಯ ಯುಗ 1961ಕ್ಕೆ ಆರಂಭವಾದದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಇಂಗ್ಲಿಷ್ ಶಾಲೆ, ಪರೀಕ್ಷೆ, ಗುಮಾಸ್ತಿಕೆಗಳ ಸರಪಣಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಗಟ್ಟಿಯಾಗಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕು (1913), ಮೈಸೂರು ವಿಶ್ವವಿದ್ಯಾನಿಲಯ (1916), ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡಂತೆ ಆ ಸರಪಣಿಗೆ ಹೊಸ ಕೊಂಡಿಗಳು ಸೇರಿದವು. ಓದಿದವನಿಗೆ ಕೆಲಸವುಂಟು ಎಂಬ ನಂಬಿಕೆ ಹಳ್ಳಿಗಳಿಗೂ ತಲುಪಿತು. ಆದರೆ ಕೊಣನೂರಿನಂಥ ಊರಿನ ಹುಡುಗನಿಗೆ ಹೈಸ್ಕೂಲು ಹಾಸನದಲ್ಲಿತ್ತು, ಕಾಲೇಜು ಮೈಸೂರಿನಲ್ಲಿತ್ತು, ಮನೆಯಲ್ಲಿ ನಗದು ಹಣವಿರಲಿಲ್ಲ. ಈ ಅಂತರವನ್ನು ದಾಟಿಸಿದ ಪದ್ಧತಿಯೇ ವಾರಾನ್ನ: ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಉಂಡು ಓದುವುದು. ಒಂದು ಮನೆ ತಪ್ಪಿದರೆ ಆ ವಾರ ಒಂದು ದಿನದ ಉಪವಾಸ. ಮನೆಯೊಡತಿ ತವರಿಗೆ ಹೋದರೂ, ಮನೆಯಲ್ಲಿ ಸೂತಕ ಬಂದರೂ ಹುಡುಗ ಬೇರೆ ಬಾಗಿಲು ನೋಡಬೇಕು. ದೀನವೆನಿಸಿದರೂ ಈ ಪದ್ಧತಿ ಒಂದು ದೊಡ್ಡ ಕೆಲಸ ಮಾಡಿತು: ಗಳಿಕೆಯಿಲ್ಲದ ಐದಾರು ವರ್ಷ ಹುಡುಗನೊಬ್ಬ ಹಸಿವಿಲ್ಲದೆ ತನ್ನ ದಾರಿಯನ್ನು ನೋಡಿಕೊಳ್ಳಲು ಅವಕಾಶ ಕೊಟ್ಟಿತು.

ಆದರೆ ಅದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣ ಮನೆಗಳಲ್ಲಿ ದೊರೆಯುತ್ತಿದ್ದ ಅನ್ನ. ಉಳಿದವರಿಗೆ ಆ ಬಾಗಿಲು ಮುಚ್ಚಿದ್ದರಿಂದಲೇ ಸಮುದಾಯಗಳು ತಮ್ಮ ತಮ್ಮ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಳ್ಳಬೇಕಾಯಿತು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂಥ ಸಂಸ್ಥೆಗಳ ಮೊದಲ ಕಾಳಜಿಗಳಲ್ಲಿ ಹಾಸ್ಟೆಲ್ಲು ಒಂದಾಗಿತ್ತು. ಸರ್ಕಾರಿ ಹುದ್ದೆಗಳ ಅಸಮಾನ ಹಂಚಿಕೆಯನ್ನು ಪರಿಶೀಲಿಸಲು 1918ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ ಭಾಗವೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗವೂ ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಹೇಳಿದಾಗ, ಹಾಸ್ಟೆಲ್ಲಿನ ಅನ್ನಕ್ಕೂ ಕಚೇರಿಯ ಕುರ್ಚಿಗೂ ನಡುವೆ ಒಂದು ದಾರಿ ತೆರೆಯಿತು.

ಕೊಣನೂರು ಸೀಮೆಯೊಳಗೆ ಈ ಪರಿವರ್ತನೆಯನ್ನು ಹತ್ತಿರದಿಂದ ನೋಡಲು ರುದ್ರಪಟ್ಟಣಕ್ಕಿಂತ ಉತ್ತಮ ಜಾಗವಿಲ್ಲ. ಕಾವೇರಿಯ ದಂಡೆಯ ಈ ಪುಟ್ಟ ಊರಿನಲ್ಲಿ ಸಂಕೇತಿ ಬ್ರಾಹ್ಮಣರ ಮನೆಗಳು ಹಲವು. ಸಂಕೇತಿಗಳೆಂದರೆ ಕೆಲವು ಶತಮಾನಗಳ ಹಿಂದೆ ತಮಿಳು ಸೀಮೆಯ ಸೆಂಗೋಟ್ಟೆಯ ಕಡೆಯಿಂದ ಬಂದು ಕೌಶಿಕ, ಬೆಟ್ಟದಪುರ ಮುಂತಾದ ಕಡೆ ನೆಲೆನಿಂತು, ಅಡಕೆ-ವೀಳ್ಯದೆಲೆಯ ತೋಟ, ವೇದ ಮತ್ತು ಸಂಗೀತಗಳನ್ನು ಒಟ್ಟೊಟ್ಟಿಗೆ ಇಟ್ಟುಕೊಂಡು ಬಂದ ಸಮುದಾಯ. ಸಂಗೀತ ಅಲ್ಲಿ ಮನೆವಿದ್ಯೆಯಾಗಿತ್ತು, ಆದರೆ ಅದರಿಂದಲೇ ಹೊಟ್ಟೆ ಹೊರೆಯುವುದು ಸುಲಭವಾಗಿರಲಿಲ್ಲ. 1920ರಲ್ಲಿ ಈ ಊರಿನಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಮೈಸೂರಿಗೆ ಹೋಗಿ, ಅಣ್ಣನಾದ ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಾಶಾಸ್ತ್ರಿಗಳ ಆಶ್ರಯದಲ್ಲಿ ಹಾಡುಗಾರಿಕೆಯನ್ನು ಕಲಿಯುತ್ತಲೇ ಪದವಿಯನ್ನೂ ಮುಗಿಸಿದರು. ಅಷ್ಟರಲ್ಲಿ ಸಂಗೀತಗಾರನಿಗೆ ಹಿಂದೆಂದೂ ಇಲ್ಲದ ಒಂದು ಉದ್ಯೋಗ ಹುಟ್ಟಿಕೊಂಡಿತ್ತು. ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಖಾಸಗಿ ಬಾನುಲಿ ಕೇಂದ್ರ ಮುಂದೆ ಸಂಸ್ಥಾನದ ಕೈಗೆ, ಆಮೇಲೆ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಶ್ರೀಕಂಠನ್ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ಕೆಲಸ ಮಾಡಿ, ಕಛೇರಿಯನ್ನೂ ಪಾಠವನ್ನೂ ಬಿಡದೆ ನಡೆಸಿ, 2011ರಲ್ಲಿ ಪದ್ಮಭೂಷಣ ಪಡೆದು, 2014ರಲ್ಲಿ ತೀರಿಕೊಂಡರು. ಅವರ ಬದುಕಿನಲ್ಲಿ ಪ್ರತಿಭೆಯಷ್ಟೇ ಗಮನಿಸಬೇಕಾದ್ದು ತಿಂಗಳ ಸಂಬಳ: ರಾಜಾಶ್ರಯ ಹೋಗಿ ಟಿಕೆಟ್ಟಿನ ಸಭೆಗಳು ಇನ್ನೂ ಬಲಿಯದ ಹೊತ್ತಿನಲ್ಲಿ ಆ ಸಂಬಳವಿಲ್ಲದಿದ್ದರೆ ಎಷ್ಟು ಕಂಠಗಳು ಉಳಿಯುತ್ತಿದ್ದವೋ ಹೇಳಲಾಗದು. ಅದೇ ಊರಿನ ಹೆಸರು ಹೊತ್ತ ರುದ್ರಪಟ್ಟಣಂ ಸಹೋದರರಲ್ಲಿ ಒಬ್ಬರಾದ ತಾರಾನಾಥನ್ ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ, ವಿಜ್ಞಾನಿಯಾಗಿದ್ದುಕೊಂಡೇ ವೇದಿಕೆಯಲ್ಲಿ ಹೆಸರು ಮಾಡಿದವರು. ಒಲವು ಒಂದು ಕಡೆ, ಅನ್ನ ಇನ್ನೊಂದು ಕಡೆ ಇದ್ದಾಗ ಎರಡನ್ನೂ ಕೈಬಿಡದೆ ನಡೆಯುವುದು ರುದ್ರಪಟ್ಟಣ ಕಂಡುಕೊಂಡ ಉಪಾಯ.

ಜಿಲ್ಲೆಯ ಇನ್ನೊಂದು ಹೊಳೆಯಾದ ಹೇಮಾವತಿಯ ದಂಡೆಯ ಗೊರೂರಿನ ಕಥೆ ಬೇರೆ. 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಹೈಸ್ಕೂಲಿನ ಓದನ್ನೇ ಬಿಟ್ಟರು. ಸರ್ಕಾರಿ ಕೆಲಸಕ್ಕೆ ಹೋಗುವ ಏಕೈಕ ದಾರಿಯನ್ನು ತಾವೇ ಮುಚ್ಚಿಕೊಂಡ ಹುಡುಗನನ್ನು ಅಂದಿನ ಹಿರಿಯರು ಕೆಟ್ಟುಹೋದವನೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ಖಾದಿ, ಗ್ರಾಮಸೇವೆ, ಪತ್ರಿಕೆ, ಸೆರೆಮನೆ ಇವುಗಳ ನಡುವೆ ಬೆಳೆದ ಅವರ ಬರವಣಿಗೆಗೆ ಊರೇ ವಸ್ತುವಾಯಿತು; ಎಪ್ಪತ್ತು ದಾಟಿದ ಮೇಲೆ ಕೈಗೊಂಡ ವಿದೇಶಪ್ರವಾಸದಿಂದ ಹುಟ್ಟಿದ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಊರಿನಲ್ಲಿ ಬೆಳೆದ ಜಿ.ಆರ್. ಗೋಪಿನಾಥ್ ಬಿಜಾಪುರದ ಸೈನಿಕ ಶಾಲೆಯ ಮೂಲಕ ಸೇನೆಗೆ ಸೇರಿ, 1971ರ ಯುದ್ಧವನ್ನು ಕಂಡು, ಇಪ್ಪತ್ತೆಂಟರ ಹೊತ್ತಿಗೆ ಕ್ಯಾಪ್ಟನ್ ಹುದ್ದೆಯನ್ನು ಬಿಟ್ಟು ಬಂದರು. ಆ ವೇಳೆಗೆ ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಎದ್ದು ಅವರ ಮನೆತನದ ಜಮೀನು ಮುಳುಗಿತ್ತು. ಅದಕ್ಕೆ ಬದಲಾಗಿ ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಬಳಿ ದೊರೆತ ಬರಡು ನೆಲದಲ್ಲಿ ಅವರು ರೇಷ್ಮೆ, ತೆಂಗು ಬೆಳೆಸಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದ ನಂತರ ಹೆಲಿಕಾಪ್ಟರ್ ಸೇವೆ, 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ವಿಮಾನಯಾನ ಆರಂಭವಾದವು.

ಇಂಥ ಬದುಕುಗಳನ್ನು ಯುವಕರಿಗೆ ಧೈರ್ಯದ ಪಾಠವಾಗಿ ಹೇಳುವುದುಂಟು. ಅದು ಅರ್ಧಸತ್ಯ. ಸೇನೆಯಲ್ಲಿ ಪಡೆದ ತರಬೇತಿ, ಮುಳುಗಡೆಗೆ ಬದಲಾಗಿ ಬಂದ ಭೂಮಿ, ಓದಿನ ಮನೆತನ ಇವು ಹಿಂದಿದ್ದಾಗ ದಾರಿ ತಪ್ಪಿದರೂ ಮರಳಿ ಬರಲು ನೆಲವಿರುತ್ತದೆ. ಅದೇ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಭೂಹೀನ ಕೂಲಿಕಾರನ ಮಗನಿಗೆ ಎರಡನೆಯ ಪ್ರಯತ್ನವೆಂಬುದೇ ಇರಲಿಲ್ಲ. ಆಸರೆ ಶಾಲೆಯ ರೂಪದಲ್ಲೂ ಬರುವುದುಂಟು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ರೈತಕುಟುಂಬದ ಎಚ್.ಡಿ. ದೇವೇಗೌಡರು ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಡಿಪ್ಲೊಮಾ ಪಡೆದು, ಗುತ್ತಿಗೆ ಕೆಲಸ ಮಾಡಿಕೊಂಡಿದ್ದು, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದು, 1996ರಲ್ಲಿ ಪ್ರಧಾನಿಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಇಲ್ಲಿ ಅದರ ರಾಜಕೀಯಕ್ಕಿಂತ ಮುಖ್ಯವಾದದ್ದು, ಊರಿಗೆ ಹತ್ತಿರದಲ್ಲೇ ಒಂದು ತಾಂತ್ರಿಕ ಶಾಲೆ ಇದ್ದುದು ರೈತನ ಮಗನಿಗೆ ಗದ್ದೆ ಮತ್ತು ಗುಮಾಸ್ತಿಕೆಗಳ ಹೊರತಾದ ಮೂರನೆಯ ಕಸುಬನ್ನು ತೋರಿಸಿತೆಂಬುದು. 1960ರಲ್ಲಿ ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಆ ದಾರಿ ಇನ್ನಷ್ಟು ಅಗಲವಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಚರಿತ್ರೆ ಬಹುಕಾಲ ಮೌನವಾಗಿದೆ, ಏಕೆಂದರೆ ಅವರ ಮುಂದೇನು ಎಂಬ ಪ್ರಶ್ನೆಗೆ ಮದುವೆಯೆಂಬ ಉತ್ತರ ಕೊಟ್ಟು ಮುಗಿಸಲಾಗುತ್ತಿತ್ತು. ಟಿ.ಸಿ.ಎಚ್. ಎಂಬ ಪ್ರಾಥಮಿಕ ಶಿಕ್ಷಕರ ತರಬೇತಿ, ನರ್ಸಿಂಗ್, ಅಂಗನವಾಡಿ ಇವು ಮೊದಲು ಬಾಗಿಲು ತೆಗೆದವು. ಈಚೆಗೆ ಹಾಸನದ ಕೈಗಾರಿಕಾ ಪ್ರದೇಶದ ಜವಳಿ ಕಾರ್ಖಾನೆಗಳು ಸುತ್ತಣ ಹಳ್ಳಿಗಳ ಹುಡುಗಿಯರನ್ನು ದುಡಿಮೆಗೆ ಕರೆದುಕೊಂಡಿವೆ.

ಪದವಿಗೂ ಕೆಲಸಕ್ಕೂ ನಡುವಣ ಕಂದಕವನ್ನು ಸರ್ಕಾರ ಗಮನಿಸಿದ್ದು 1970ರ ದಶಕದಲ್ಲಿ. ಮುಖ್ಯಮಂತ್ರಿ ಡಿ. ದೇವರಾಜ ಅರಸರ ಕಾಲದಲ್ಲಿ ನಿರುದ್ಯೋಗಿ ಪದವೀಧರರನ್ನು ಸ್ಟೈಪೆಂಡಿನ ಮೇಲೆ ಕಚೇರಿಗಳಿಗೆ ತೆಗೆದುಕೊಳ್ಳುವ ಪದ್ಧತಿ ಬಂತು, ಅವರಲ್ಲಿ ಅನೇಕರು ಮುಂದೆ ಖಾಯಂ ನೌಕರರಾದರು. ಪಿ.ಯು. ಹಂತದಲ್ಲೇ ಕಸುಬು ಕಲಿಸುವ ಜೆ.ಒ.ಸಿ. ಕೋರ್ಸುಗಳು ಅದೇ ದಶಕದಲ್ಲಿ ಆರಂಭವಾಗಿ, ಸುಮಾರು ಮೂರು ದಶಕ ನಡೆದು ನಿಂತುಹೋದವು. ಅವುಗಳನ್ನು ಸುಧಾರಿಸದೆ ಮುಚ್ಚಿದ್ದು ಗ್ರಾಮೀಣ ಕರ್ನಾಟಕಕ್ಕೆ ಆದ ನಷ್ಟವೆಂದೇ ಹೇಳಬೇಕು.

ಇಂದಿನ ಕೊಣನೂರು ಸೀಮೆಯಲ್ಲಿ ಓದು ಮುಗಿಸಿ ಊರಲ್ಲೇ ಉಳಿದವನ ಕಾಲ ಬಹುಮಟ್ಟಿಗೆ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕಳೆಯುತ್ತದೆ. ಬ್ಯಾರನ್ನೆಂದರೆ ಹಸಿ ಎಲೆಯನ್ನು ಕಡ್ಡಿಗಳಿಗೆ ಪೋಣಿಸಿ ಸಾಲುಸಾಲಾಗಿ ನೇತುಹಾಕಿ, ಕೆಳಗಿನ ಕೊಳವೆಗಳಲ್ಲಿ ಬಿಸಿ ಹರಿಸಿ ಹದಮಾಡುವ ಎತ್ತರದ ಕೋಣೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆಯ ಹರವು, ಕೊನೆಗೆ ನಡುವಿನ ದಂಟು ಒಣಗಬೇಕು. ಐದಾರು ದಿನ ಹಗಲಿರುಳು ಸೌದೆ ಹಾಕುತ್ತ ಉಷ್ಣಮಾಪಕ ನೋಡುತ್ತ ಕೂರಬೇಕು, ಒಂದು ರಾತ್ರಿ ಕಣ್ಣು ಮುಚ್ಚಿದರೆ ಎಲೆ ಕಪ್ಪಾಗಿ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಕೆಳದರ್ಜೆಗೆ ಇಳಿಯುತ್ತದೆ. ಬಿ.ಎ., ಬಿ.ಕಾಂ. ಮುಗಿಸಿದ ಮಗನಿಗೆ ಈ ರಾತ್ರಿಪಾಳಿ ಸಹಜವಾಗಿಯೇ ಬೀಳುತ್ತದೆ, ಮತ್ತು ಅದನ್ನು ಯಾರೂ ಉದ್ಯೋಗವೆಂದು ಎಣಿಸುವುದಿಲ್ಲ. ತಂಬಾಕು ಮಂಡಳಿಯ ನೋಂದಣಿಯಿಲ್ಲದೆ ಈ ಬೆಳೆಯನ್ನು ಬೆಳೆಯುವಂತಿಲ್ಲ, ಮಾರಾಟದ ಪ್ರಮಾಣಕ್ಕೂ ಮಿತಿಯಿದೆ. ಹೀಗಾಗಿ ಒಂದು ಬ್ಯಾರನ್ನಿನ ಲೈಸೆನ್ಸು ಇಬ್ಬರು ಅಣ್ಣತಮ್ಮಂದಿರ ಸಂಸಾರಕ್ಕೆ ಸಾಲುವುದು ಕಷ್ಟ, ಒಬ್ಬನಾದರೂ ಬೆಂಗಳೂರಿನ ಬಸ್ಸು ಹತ್ತಬೇಕು. ಆಲೂಗಡ್ಡೆಯನ್ನು ನಂಬಿದ ಮನೆಗಳಲ್ಲಿ ಅಂಗಮಾರಿ ರೋಗ ಈ ತೀರ್ಮಾನವನ್ನು ಇನ್ನೂ ಬೇಗ ಮಾಡಿಸುತ್ತದೆ.

ವಾರಾನ್ನ, ಹಾಸ್ಟೆಲ್ಲು, ಆಕಾಶವಾಣಿಯ ಸಂಬಳ, ಸ್ಟೈಪೆಂಡು ಇವುಗಳಲ್ಲಿ ಒಂದಲ್ಲ ಒಂದು ಒದಗಿದವರೇ ಈ ಸೀಮೆಯಲ್ಲಿ ಹೆಚ್ಚಾಗಿ ದಿಕ್ಕು ಕಂಡುಕೊಂಡಿದ್ದಾರೆ. ಪ್ರಯತ್ನಿಸುವ ಕಾಲಕ್ಕೆ ಅನ್ನವೂ ಇತ್ತು, ಕೈ ಪಳಗಿಸಲು ಜಾಗವೂ ಇತ್ತು. 2024ರ ಜನವರಿಯಲ್ಲಿ ಜಾರಿಗೆ ಬಂದ ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಅದು ಅನ್ನದ ಭಾಗವನ್ನು ಅಷ್ಟಿಷ್ಟು ತುಂಬುತ್ತದೆ, ಕೈ ಪಳಗಿಸುವ ಜಾಗವನ್ನು ಕೊಡುವುದಿಲ್ಲ. ಆ ಜಾಗವನ್ನು ಕೊಡಬಲ್ಲದ್ದು 1961ರ ಅಪ್ರೆಂಟಿಸ್ ಕಾಯ್ದೆ. 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಓದದ ಪದವೀಧರರೂ ಅದರಡಿ ಸ್ಟೈಪೆಂಡ್ ಸಹಿತ ತರಬೇತಿ ಪಡೆಯಬಹುದು. ಕೊಣನೂರು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಾಲೇಜುಗಳು ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಈ ಕಾಯ್ದೆಯನ್ನು ತಿಳಿಸಿ, ಹಾಸನದ ಕಾರ್ಖಾನೆ, ಬ್ಯಾಂಕು, ಸಹಕಾರ ಸಂಘಗಳಿಗೆ ಪರೀಕ್ಷೆಗೆ ಮೊದಲೇ ಅವರ ಹೆಸರನ್ನು ಕಳಿಸುವ ಕೆಲಸವನ್ನು ಈ ವರ್ಷವೇ ಆರಂಭಿಸಬೇಕು.