ಎಳೆಯ ಮಕ್ಕಳ ನ್ಯುಮೋನಿಯಾ: ಒಲೆಯ ಹೊಗೆಯೊಂದೇ ಕಾರಣವಲ್ಲ

ನ್ಯುಮೋನಿಯಾಕ್ಕೆ 2019ರಲ್ಲಿ ವಿಶ್ವದಾದ್ಯಂತ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳು ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬಡ ರಾಷ್ಟ್ರಗಳಲ್ಲಿ ಇದಕ್ಕೆ ಸೌದೆ ಒಲೆಯ ಹೊಗೆಯನ್ನೇ ದೂರುವುದು ರೂಢಿ. ಆದರೆ ಆಫ್ರಿಕಾದ ಮಲಾವಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಹೊಗೆಯ ಒಲೆ ಪಡೆದ ಕುಟುಂಬಗಳಲ್ಲೂ ರೋಗ ತಗ್ಗಲಿಲ್ಲ. ಹೊಗೆ ನಿರಪಾಯಕಾರಿಯೆಂದು ಇದರರ್ಥವಲ್ಲ. ಒಲೆ ಬದಲಾದರೂ ಕಸ ಸುಡುವ ಹೊಗೆ, ತಂಬಾಕಿನ ಹೊಗೆ ಉಳಿಯುತ್ತವೆ. ಇನ್ನು ಅಪೌಷ್ಟಿಕತೆಯಂತೂ ಸೋಂಕನ್ನು ಎದುರಿಸುವ ಶಕ್ತಿಯನ್ನೇ ಕುಂದಿಸುತ್ತದೆ. ಕಡಿಮೆ ಜನನತೂಕ, ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಉಣಿಸದಿರುವುದು, ಇಕ್ಕಟ್ಟಾದ ಮನೆ, ಎಚ್‌ಐವಿ ಹಾಗೂ ತಪ್ಪಿದ ಲಸಿಕೆ ಅಪಾಯವನ್ನು ಹೆಚ್ಚಿಸುತ್ತವೆ. ಬಡ ದೇಶವಾದರೂ ಮಲಾವಿ 2011ರಲ್ಲೇ ನ್ಯುಮೋಕಾಕಲ್ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಭಾರತದಲ್ಲಿ ಅದರ ದೇಶವ್ಯಾಪಿ ವಿಸ್ತರಣೆ ಆರಂಭವಾದದ್ದು 2021ರಲ್ಲಿ.