ಹೆಸರು ಮಾತ್ರ ಉಳಿದ ವೆಂಡರ ನಾಡು

ಜರ್ಮನಿಯ ಭೂಪಟದಲ್ಲಿ ಹ್ಯಾಂಬರ್ಗಿನಿಂದ ಆಗ್ನೇಯಕ್ಕೆ ಎಲ್ಬೆ ನದಿಯ ಎಡದಂಡೆಯನ್ನು ಹಿಡಿದು ಹೋದರೆ, ಲೋವರ್ ಸ್ಯಾಕ್ಸನಿ ರಾಜ್ಯದ ಒಂದು ಮೂಲೆ ನೆರೆರಾಜ್ಯಗಳ ಒಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಆ ಮೂಲೆಯೇ ಲ್ಯೂಖೊ-ಡಾನೆನ್‌ಬೆರ್ಗ್ ಜಿಲ್ಲೆ. ವಿಸ್ತೀರ್ಣ ಸುಮಾರು 1,220 ಚದರ ಕಿಲೋಮೀಟರ್. ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಹಿಂದಿನ ಪಶ್ಚಿಮ ಜರ್ಮನಿಗೆ ಸೇರಿದ್ದ ಭಾಗದಲ್ಲಿ ಇದಕ್ಕಿಂತ ಕಡಿಮೆ ಜನರಿರುವ ಜಿಲ್ಲೆ ಇಲ್ಲ. ಅಲ್ಲಿಯವರು ‘ಲಾಂಡ್‌ಕ್ರೈಸ್’ ಎನ್ನುವುದನ್ನು ನಾವು ಜಿಲ್ಲೆ ಎಂದು ಅನುವಾದಿಸುತ್ತೇವಾದರೂ ಜನಸಂಖ್ಯೆಯ ಲೆಕ್ಕದಲ್ಲಿ ಅದು ನಮ್ಮ ಒಂದು ತಾಲ್ಲೂಕಿನಷ್ಟೂ ಆಗದು.

ಇಲ್ಲಿನ ಊರುಗಳ ಹೆಸರುಗಳಲ್ಲೇ ಒಂದು ವಿಚಿತ್ರವಿದೆ. ಲ್ಯೂಖೊ, ಗಾರ್ಟೊ, ಡೋಲ್ಗೊ ಮುಂತಾದವನ್ನು ಬರೆಯುವಾಗ ಕೊನೆಯಲ್ಲಿ ಡಬ್ಲ್ಯೂ ಅಕ್ಷರವಿರುತ್ತದೆ, ಉಚ್ಚರಿಸುವಾಗ ಇರುವುದಿಲ್ಲ. ಆ ಮೂಕ ಅಕ್ಷರ ಜರ್ಮನ್ ಭಾಷೆಯದಲ್ಲ, ಅದು ಸ್ಲಾವಿಕ್ ಹೆಸರುಗಳ ಕುರುಹು. ಎಲ್ಬೆಯ ಪಶ್ಚಿಮಕ್ಕೆ ನೆಲೆಸಿದ್ದ ಸ್ಲಾವರನ್ನು ಜರ್ಮನರು ವೆಂಡರು ಎಂದು ಕರೆದರು. ಅವರ ನಾಡು ವೆಂಡ್‌ಲಾಂಡ್. ನಡುವೆ ಬಯಲು, ಅದರ ಸುತ್ತ ಬಳೆಯಂತೆ ಮನೆಗಳು, ಒಳಬರಲು ಸಾಮಾನ್ಯವಾಗಿ ಒಂದೇ ದಾರಿ: ‘ರುಂಡ್‌ಲಿಂಗ್’ ಎಂದು ಹೆಸರಾದ ಇಂಥ ದುಂಡು ಗ್ರಾಮಗಳು ಇಂದಿಗೂ ಇಲ್ಲಿ ಉಳಿದಿವೆ. ಉಳಿಯದೆ ಹೋದದ್ದು ಅವರ ಭಾಷೆ. ವಿದ್ವಾಂಸರು ಅದಕ್ಕೆ ಪೊಲಾಬಿಯನ್ ಎಂದು ಹೆಸರಿಟ್ಟಿದ್ದಾರೆ.

ಆ ಭಾಷೆ ಹೇಗಿತ್ತೆಂದು ನಮಗೆ ತಿಳಿದಿರುವುದು ಮುಖ್ಯವಾಗಿ ಕೆಲವೇ ಜನರ ಬರಹದಿಂದ. ಅವರಲ್ಲಿ ಮೂವರು ಆಡಳಿತದ ಮೂರು ಮೆಟ್ಟಿಲುಗಳಲ್ಲಿ ಇದ್ದವರು ಎಂಬುದು, ಕಡತಗಳ ನಡುವೆ ಆಯುಷ್ಯ ಕಳೆಯುವ ನಮ್ಮಂಥವರಿಗೆ ವಿಶೇಷವಾಗಿ ತೋರುತ್ತದೆ. 1691ರಲ್ಲಿ ತತ್ವಜ್ಞಾನಿ ಲೈಬ್ನಿಟ್ಸ್ ವೆಂಡರ ಮಾತಿನ ಬಗ್ಗೆ ವಿಚಾರಿಸಿದಾಗ ಉತ್ತರ ಬರೆದವನು ಲ್ಯೂಖೊವಿನ ಅಮಲ್ದಾರನಂತಿದ್ದ ಮಿಥೋಫ್. ಕ್ರೈಸ್ತ ಪ್ರಾರ್ಥನೆಯ ವೆಂಡ್ ರೂಪವನ್ನೂ ಒಂದಿಷ್ಟು ಪದಗಳನ್ನೂ ಆತ ಕಳುಹಿಸಿಕೊಟ್ಟ. ಎರಡನೆಯವನು ವುಸ್ಟ್ರೊವಿನ ಪಾದ್ರಿ ಕ್ರಿಸ್ಟಿಯಾನ್ ಹೆನ್ನಿಂಗ್. ಅವನು ಕೂಡಿಸಿದ ಮೊದಲ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು; ವರ್ಷಗಳ ನಂತರ ಮತ್ತೆ ಮೊದಲಿನಿಂದ ಆರಂಭಿಸಿ, ಭಾಷೆ ಬಲ್ಲ ಒಬ್ಬ ರೈತನನ್ನು ಕೂರಿಸಿಕೊಂಡು ನಿಘಂಟನ್ನು ಸಿದ್ಧಪಡಿಸಿದ. ಮೂರನೆಯವನು ಸ್ಯೂಟೆನ್ ಗ್ರಾಮದ ಪಟೇಲ ಯೋಹಾನ್ ಪಾರುಮ್ ಶುಲ್ಟ್ಸೆ. ರೈತ, ಹೆಂಡದಂಗಡಿಯನ್ನೂ ನಡೆಸುತ್ತಿದ್ದವನು, ಊರಿನ ಚರಿತ್ರೆ ಬರೆಯುತ್ತ 1725ರಲ್ಲಿ ಒಂದು ಮಾತು ದಾಖಲಿಸಿದ್ದಾನೆ. ತನಗೀಗ ನಲವತ್ತೇಳು ವರ್ಷ. ತಾನೂ ಊರಿನ ಇನ್ನು ಮೂವರೂ ತೀರಿಹೋದರೆ, ವೆಂಡರ ಭಾಷೆಯಲ್ಲಿ ನಾಯಿಗೆ ಏನೆನ್ನುತ್ತಾರೆ ಎಂಬುದು ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ ಎಂಬುದು ಅದರ ಸಾರ.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಈ ಸಾಲನ್ನು ಸುಮ್ಮನೆ ದಾಟಿಹೋಗುವುದು ಕಷ್ಟ. ಆತ ಕಾವ್ಯ ಹೋಯಿತು, ಪುರಾಣ ಹೋಯಿತು ಎಂದು ಅಳಲಿಲ್ಲ, ನಾಯಿ ಎಂದ. ಮನೆಬಾಗಿಲಲ್ಲಿ ಮಲಗಿರುವ ಪ್ರಾಣಿಯ ಹೆಸರು ಹೋದ ಮೇಲೆ ಉಳಿದದ್ದು ಹೋಗುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲವೆಂಬುದು ಆ ಪಟೇಲನಿಗೆ ಗೊತ್ತಿತ್ತು. 1756ರಲ್ಲಿ ಡೋಲ್ಗೊ ಗ್ರಾಮದ ಒಬ್ಬ ವೃದ್ಧೆ ತೀರಿಕೊಂಡಾಗ, ವೆಂಡರ ಭಾಷೆಯನ್ನು ಬಲ್ಲ ಕೊನೆಯವಳು ಇವಳೆಂದು ಚರ್ಚಿನ ಪುಸ್ತಕದಲ್ಲಿ ನಮೂದಾಯಿತು.

ಭಾಷೆ ಹೋದ ಮೇಲೂ ಗಡಿಗಳನ್ನು ಬರೆಯುವ, ಅಳಿಸುವ ಕೆಲಸ ನಿಲ್ಲಲಿಲ್ಲ. ಹ್ಯಾನೋವರ್ ರಾಜ್ಯವನ್ನು 1866ರಲ್ಲಿ ಪ್ರಶ್ಯ ನುಂಗಿತು. 1885ರಲ್ಲಿ ಪ್ರಶ್ಯದ ಪದ್ಧತಿಯಂತೆ ಲ್ಯೂಖೊ ಮತ್ತು ಡಾನೆನ್‌ಬೆರ್ಗ್ ಎಂಬ ಎರಡು ಜಿಲ್ಲೆಗಳಾದವು. 1932ರ ಮಿತವ್ಯಯದ ದಿನಗಳಲ್ಲಿ ಎರಡನ್ನೂ ಒಂದುಗೂಡಿಸಿದರು. ಜೋಡಿ ಹೆಸರು ಬಂದದ್ದು 1951ರಲ್ಲಿ. ಎರಡು ಊರುಗಳ ಪೈಪೋಟಿ ಅಲ್ಲಿಗೆ ಮುಗಿಯಿತೆನ್ನಲಾಗದು: ಜಿಲ್ಲಾ ಕಚೇರಿ ಲ್ಯೂಖೊವಿನಲ್ಲಿದೆ, ವಾಹನಗಳ ನಂಬರ್ ಪ್ಲೇಟಿನ ಮೇಲೆ ಡಾನೆನ್‌ಬೆರ್ಗಿನ ಮೂರಕ್ಷರವಿದೆ.

ಪ್ರಶ್ಯದ ಕಾಲದಲ್ಲಿ ಜಿಲ್ಲೆಯ ಮುಖ್ಯಸ್ಥನಾದ ಲಾಂಡ್‌ರಾಟ್, ನಮ್ಮ ಕಲೆಕ್ಟರನ ಹಾಗೆ, ಮೇಲಿನಿಂದ ನೇಮಕಗೊಂಡು ಬರುತ್ತಿದ್ದ. ಎರಡನೆಯ ಮಹಾಯುದ್ಧದ ನಂತರ ಈ ಭಾಗವನ್ನು ಆಳಿದ ಬ್ರಿಟಿಷರು ತಮ್ಮ ದೇಶದ ಮಾದರಿಯಲ್ಲಿ ಆ ಹುದ್ದೆಯನ್ನು ಇಬ್ಭಾಗಿಸಿದರು: ಸಭೆಯ ಅಧ್ಯಕ್ಷತೆಗೆ ಚುನಾಯಿತನಾದ ಲಾಂಡ್‌ರಾಟ್, ಕಚೇರಿ ನಡೆಸಲು ಬೇರೊಬ್ಬ ಅಧಿಕಾರಿ. ಭಾರತದಲ್ಲಿ ಕಲೆಕ್ಟರನ ಕೈಯಲ್ಲಿ ಸಕಲವನ್ನೂ ಇಟ್ಟಿದ್ದ ಅದೇ ಬ್ರಿಟಿಷರು ಜರ್ಮನಿಯಲ್ಲಿ ಅಧಿಕಾರ ಹಂಚುವ ಪಾಠ ಹೇಳಿದರೆಂಬುದನ್ನು ಓದಿದಾಗ ನಮಗೆ ನಗು ಬಂದದ್ದು ನಿಜ. 1996ರ ಸುಧಾರಣೆಯ ನಂತರ ಎರಡೂ ಹೊಣೆಗಳು ಮತ್ತೆ ಒಬ್ಬರ ಕೈಗೆ ಬಂದಿವೆ. ಆದರೆ ಆ ಒಬ್ಬರನ್ನು ಈಗ ಜನರೇ ನೇರವಾಗಿ ಆರಿಸುತ್ತಾರೆ.

ಜಿಲ್ಲೆಯ ಕೆಳಗಿನ ವ್ಯವಸ್ಥೆ ಇನ್ನೂ ಸ್ವಾರಸ್ಯಕರ. ಇಲ್ಲಿ 27 ಪುರಸಭೆ-ಪಂಚಾಯಿತಿಗಳಿವೆ. ಒಂದೊಂದೂ ಪ್ರತ್ಯೇಕ ಕಚೇರಿಯ ಖರ್ಚು ಹೊರಲಾರದಷ್ಟು ಚಿಕ್ಕದು. ಆದ್ದರಿಂದ ಹಲವು ಪಂಚಾಯಿತಿಗಳು ಸೇರಿ ‘ಸಾಮ್ಟ್‌ಗೆಮೈಂಡ’ ಎಂಬ ಒಕ್ಕೂಟ. ಪ್ರಾಥಮಿಕ ಶಾಲೆ, ಅಗ್ನಿಶಾಮಕ ದಳ, ಚರಂಡಿ ಮೊದಲಾದವು ಒಕ್ಕೂಟದ ಪಾಲಿಗೆ. ಊರಿಗೆ ಊರಿನ ಹೆಸರು, ಊರಿನ ಸಭೆ, ಊರಿನ ಅಧ್ಯಕ್ಷ ಉಳಿಯುತ್ತಾರೆ. 1977ರಲ್ಲಿ ರಾಜ್ಯ ಸರ್ಕಾರ 48 ಜಿಲ್ಲೆಗಳನ್ನು 37ಕ್ಕೆ ಇಳಿಸಿದಾಗ ಈ ಪುಟ್ಟ ಜಿಲ್ಲೆ ಪಾರಾಯಿತು. 2006ರಲ್ಲಿ ಇಲ್ಲಿನ ಐದು ಒಕ್ಕೂಟಗಳನ್ನು ಮೂರಾಗಿ ಕುಗ್ಗಿಸಿದಾಗ ಗಾರ್ಟೊ ಒಕ್ಕೂಟವೂ ಹಾಗೆಯೇ ಪಾರಾಯಿತು. ಅದರ ಐದು ಸದಸ್ಯ ಊರುಗಳಲ್ಲಿ ಒಂದರ ಹೆಸರು ಗೋರ್ಲೆಬೆನ್.

ಈ ಹೆಸರು ಜರ್ಮನಿಗೆಲ್ಲ ತಿಳಿಯುವಂತಾಗಲು ಮತ್ತೊಂದು ಗಡಿ ಕಾರಣವಾಯಿತು. ಯುದ್ಧಾನಂತರ ದೇಶ ಇಬ್ಭಾಗವಾದಾಗ ಜಿಲ್ಲೆಯ ಮೂರು ದಿಕ್ಕಿಗೂ ಪೂರ್ವ ಜರ್ಮನಿ ಬಂದಿತು. 1945ರಲ್ಲಿ ಬಾಂಬಿಗೆ ಮುರಿದ ಡ್ಯೋಮಿಟ್ಸ್‌ನ ಸೇತುವೆಗಳನ್ನು ಕಟ್ಟುವವರೇ ಇರಲಿಲ್ಲ. ರಸ್ತೆ ಸೇತುವೆ ಮತ್ತೆ ತೆರೆದದ್ದು 1992ರಲ್ಲಿ, ರೈಲು ಸೇತುವೆ ಇಂದಿಗೂ ಪಾಳು. ಇಂಥ ಕೊನೆಮೂಲೆಗೆ 1977ರ ಫೆಬ್ರುವರಿ 22ರಂದು ರಾಜ್ಯದ ಮುಖ್ಯಮಂತ್ರಿ ಎರ್ನ್ಸ್ಟ್ ಆಲ್ಬ್ರೆಖ್ಟ್ ಒಂದು ‘ಯೋಜನೆ’ ಘೋಷಿಸಿದರು: ಗೋರ್ಲೆಬೆನ್ನಿನಲ್ಲಿ ಪರಮಾಣು ಇಂಧನದ ಮರುಸಂಸ್ಕರಣಾ ಸ್ಥಾವರ, ಅದರ ನೆಲದಡಿಯ ಉಪ್ಪಿನ ಗುಡ್ಡೆಯಲ್ಲಿ ವಿಕಿರಣ ತ್ಯಾಜ್ಯದ ಶಾಶ್ವತ ಸಂಗ್ರಹ.

1979ರ ಮಾರ್ಚಿನಲ್ಲಿ ರೈತರು ಟ್ರ್ಯಾಕ್ಟರುಗಳನ್ನೇರಿ ರಾಜಧಾನಿ ಹ್ಯಾನೋವರಿಗೆ ಹೊರಟರು. ಅವರು ದಾರಿಯಲ್ಲಿದ್ದಾಗಲೇ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಪಘಾತದ ಸುದ್ದಿ ಬಂತು. ಮೇ ತಿಂಗಳಿನಲ್ಲಿ ಆಲ್ಬ್ರೆಖ್ಟ್ ಮರುಸಂಸ್ಕರಣಾ ಸ್ಥಾವರದ ಯೋಚನೆಯನ್ನು ಕೈಬಿಟ್ಟರು, ಉಪ್ಪಿನ ಗುಡ್ಡೆಯನ್ನು ಬಿಡಲಿಲ್ಲ. 1980ರ ಮೇ 3ರಂದು ಪ್ರತಿಭಟನಾಕಾರರು 1004ನೆಯ ಸಂಖ್ಯೆಯ ಕೊರೆಯುವ ಸ್ಥಳವನ್ನು ಹಿಡಿದು ಕುಳಿತು, ಮರದ ಗುಡಿಸಲುಗಳನ್ನು ಕಟ್ಟಿ, ‘ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯ’ ಘೋಷಿಸಿದರು. ಗಡಿದ್ವಾರ ಇಟ್ಟರು, ರೇಡಿಯೋ ನಡೆಸಿದರು, ವೆಂಡರ ಹೆಸರಿನಲ್ಲಿ ಪಾಸ್‌ಪೋರ್ಟನ್ನೂ ಮುದ್ರಿಸಿದರು. ಜೂನ್ 4ರಂದು ಪೊಲೀಸರು ಬಂದು ಎಲ್ಲವನ್ನೂ ನೆಲಸಮ ಮಾಡಿದರು.

ಆ ಪಾಸ್‌ಪೋರ್ಟ್ ಹಿಡಿದವರಲ್ಲಿ ವೆಂಡರ ಭಾಷೆ ಆಡುವವರು ಯಾರೂ ಇರುವಂತಿರಲಿಲ್ಲ. ಆ ಭಾಷೆ ಹೋಗಿ ಎರಡು ಶತಮಾನ ದಾಟಿತ್ತು. ಅವರಲ್ಲಿ ಎಷ್ಟೋ ಮಂದಿ ಹೊರಗಿನ ನಗರಗಳಿಂದ ಬಂದವರು. ಹೀಗಿರುವಾಗ ಆ ಹೆಸರನ್ನು ಎತ್ತಿಕೊಂಡದ್ದು ಬರಿಯ ವೇಷವೇ? ನಮ್ಮಲ್ಲೇ ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಭಾಷೆಯನ್ನು ಉಳಿಸಿಕೊಳ್ಳದವರಿಗೆ ಹೆಸರಿನ ಮೇಲೆ ಹಕ್ಕೇನು ಎಂದು ಕೇಳಬಹುದು. ಆದರೆ ಆ ಹೆಸರನ್ನು ಕಾಗದದ ಮೇಲೆ ಉಳಿಸಿದವನು ಜರ್ಮನ್ ಪಾದ್ರಿ, ಅದರ ಹೆಸರಿನಲ್ಲಿ ನೆಲ ಕಾಯಲು ನಿಂತವರು ಜರ್ಮನ್ ಮಾತಾಡುವ ರೈತರು. ಇಂದು ಜಿಲ್ಲಾ ಕೇಂದ್ರದ ಅಧಿಕೃತ ಹೆಸರಿನಲ್ಲೇ, ಲ್ಯೂಖೊ ಎಂದು ಬರೆದು ಪಕ್ಕದ ಕಂಸದೊಳಗೆ ವೆಂಡ್‌ಲಾಂಡ್ ಎಂದು ಬರೆಯುತ್ತಾರೆ.

2020ರ ಸೆಪ್ಟೆಂಬರಿನಲ್ಲಿ, ಭೂವಿಜ್ಞಾನದ ಕಾರಣಗಳನ್ನು ಮುಂದಿಟ್ಟು, ಗೋರ್ಲೆಬೆನ್ನಿನ ಉಪ್ಪಿನ ಗುಡ್ಡೆಯನ್ನು ಶಾಶ್ವತ ಸಂಗ್ರಹದ ಸಂಭಾವ್ಯ ಸ್ಥಳಗಳ ಪಟ್ಟಿಯಿಂದ ಕೈಬಿಟ್ಟರು. ಅಷ್ಟರಲ್ಲಿ ತ್ಯಾಜ್ಯ ತುಂಬಿದ 113 ಪಾತ್ರೆಗಳು ಊರಾಚೆಯ ಕಾಡಿನ ‘ತಾತ್ಕಾಲಿಕ’ ಉಗ್ರಾಣಕ್ಕೆ ಬಂದಾಗಿತ್ತು. ಅವು ಇಂದಿಗೂ ಅಲ್ಲೇ ಇವೆ. ಉಗ್ರಾಣದ ಪರವಾನಗಿ 2034ರ ಕೊನೆಗೆ ಮುಗಿಯುತ್ತದೆ. ಅವನ್ನು ಎಲ್ಲಿಗೆ ಒಯ್ಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.